ಬ್ಯಾಕಪ್ ಪ್ರತಿಗಳ ಉಳಿಕೆಯ ಅವಧಿಯೂ ಅವುಗಳ ನೆಲೆಯೂ: ಕೆಲವು ದೋಷಗಳ ವಿಚಾರ

ಹೊರನಾಡಿನ ನಮ್ಮ ಸಂಘಸಂಸ್ಥೆಗಳಲ್ಲಿ ಹಳೆಯ ಸಂಚಿಕೆಗಳು, ಸ್ಮರಣ ಸಂಪುಟಗಳು, ಶಾಸನಗಳ ಛಾಯಾಚಿತ್ರಗಳು, ಕಾರ್ಯಕಾರಿ ಸಮಿತಿಯ ನಡವಳಿ ಪುಸ್ತಕಗಳು ಇವೆಲ್ಲವೂ ಈಚಿನ ವರ್ಷಗಳಲ್ಲಿ ಸ್ಕ್ಯಾನ್ ಆಗಿ ಸರ್ವರನ್ನು ಸೇರುತ್ತಿವೆ. ಸೇರಿದ ಮೇಲೆ ಅವುಗಳ ಕಾಗದದ ಮೂಲವನ್ನು ಗಂಟುಕಟ್ಟಿ ಅಟ್ಟಕ್ಕೆ ಹಾಕುವುದುಂಟು. ಬಾಡಿಗೆಯ ಕೋಣೆಯಲ್ಲಿ ಜಾಗವಿಲ್ಲವೆಂದು ವಿಲೇವಾರಿ ಮಾಡುವುದೂ ಉಂಟು. ಆ ಕ್ಷಣದಿಂದ ಸರ್ವರಿನಲ್ಲಿರುವ ಪ್ರತಿಯೇ ಮೂಲವಾಗುತ್ತದೆ, ಅದರ ಬ್ಯಾಕಪ್ಪೇ ಉಳಿದಿರುವ ಏಕಮಾತ್ರ ಪ್ರತಿಯಾಗುತ್ತದೆ. ಹೀಗಿದ್ದರೂ ಈ ಬ್ಯಾಕಪ್ಪಿನ ವಿಚಾರವಾಗಿ ನಮ್ಮಲ್ಲಿ ಕೇಳಿಬರುವುದು ‘ಅದು ರಾತ್ರಿ ತಾನಾಗಿಯೇ ಆಗುತ್ತದೆ’ ಎಂಬ ಒಂದು ಮಾತು ಮಾತ್ರ. ತಾನಾಗಿಯೇ ಆಗುವ ಕೆಲಸ ತಾನಾಗಿಯೇ ಕೆಡುವುದೂ ಸಾಧ್ಯವಾದ್ದರಿಂದ, ಅದು ಎಲ್ಲಿ ಎಲ್ಲಿ ಹೇಗೆ ಕೆಡುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಬ್ಯಾಕಪ್ ತಂತ್ರಾಂಶಗಳು ಹಲವು. ವೀಮ್, ಅಕ್ರೋನಿಸ್ ಮೊದಲಾದವು ಬೆಲೆ ಕೊಟ್ಟು ಕೊಳ್ಳುವಂಥವು. ರೆಸ್ಟಿಕ್, ಬೋರ್ಗ್ ಮೊದಲಾದವು ಉಚಿತವಾಗಿ ದೊರೆಯುವಂಥವು. ಹೆಸರು ಯಾವುದೇ ಆಗಲಿ, ಮೊದಲ ದಿನ ಅವು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಮುಖ್ಯವಾದವು ಎರಡು. ಪ್ರತಿಗಳನ್ನು ಎಷ್ಟು ಕಾಲ ಉಳಿಸಬೇಕು? ಅವನ್ನು ಎಲ್ಲಿ ಇಡಬೇಕು? ಮೊದಲನೆಯದಕ್ಕೆ ತಂತ್ರಜ್ಞರು ರಿಟೆನ್ಶನ್ ಪಾಲಿಸಿ ಎನ್ನುತ್ತಾರೆ. ನಾವು ಉಳಿಕೆಯ ನಿಯಮವೆಂದು ಕರೆಯೋಣ. ಎರಡನೆಯದನ್ನು ನೆಲೆ ಎನ್ನೋಣ. ಸಾಮಾನ್ಯವಾಗಿ ಮೊದಲ ಪ್ರಶ್ನೆಗೆ ‘೭’ ಎಂದೂ, ಎರಡನೆಯದಕ್ಕೆ ಕೈಗೆ ಸಿಕ್ಕಿದ ಒಂದು ಡಿಸ್ಕಿನ ಹೆಸರನ್ನೂ ತುಂಬಿ ಮುಂದೆ ಹೋಗುತ್ತೇವೆ. ಮುಂದೆ ವರ್ಷಗಟ್ಟಲೆ ಕಾಡುವ ತೊಡಕುಗಳಲ್ಲಿ ಬಹುಪಾಲು ಈ ಎರಡು ಉತ್ತರಗಳಲ್ಲಿಯೇ ಅಡಗಿರುತ್ತವೆ.

ಉಳಿಕೆಯ ನಿಯಮವೆಂಬ ಹೆಸರೇ ಒಂದು ಬಗೆಯಲ್ಲಿ ದಾರಿತಪ್ಪಿಸುವಂಥದು. ಏಳು ದಿನ ಉಳಿಸು ಎಂದರೆ ಎಂಟನೆಯ ದಿನ ಅಳಿಸು ಎಂದೇ ಅರ್ಥ. ಪ್ರತಿದಿನ ರಾತ್ರಿ, ಯಾರ ರುಜುವೂ ಇಲ್ಲದೆ, ಯಾರ ಎದುರಿನಲ್ಲಿಯೂ ಅಲ್ಲದೆ, ಒಂದು ಯಂತ್ರಕ್ಕೆ ಕಡತಗಳನ್ನು ನಾಶಮಾಡುವ ಅಧಿಕಾರವನ್ನು ಈ ನಿಯಮ ಕೊಡುತ್ತದೆ. ಈ ಅಧಿಕಾರ ದಾರಿತಪ್ಪಿದರೆ ಏನಾಗಬಹುದೆಂಬುದಕ್ಕೆ ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದಲ್ಲಿ ೨೦೨೧ರ ಡಿಸೆಂಬರಿನಲ್ಲಿ ನಡೆದ ಪ್ರಸಂಗ ಸಾಕ್ಷಿಯಾಗಿದೆ. ಅಲ್ಲಿಯ ಸೂಪರ್ ಕಂಪ್ಯೂಟರಿನ ಬ್ಯಾಕಪ್ ಕೆಲಸದಲ್ಲಿ ಹತ್ತು ದಿನಕ್ಕಿಂತ ಹಳೆಯದಾದ ದಿನಚರಿ ಕಡತಗಳನ್ನು, ಅಂದರೆ ಲಾಗ್‌ಗಳನ್ನು, ಹುಡುಕಿ ಅಳಿಸುವ ಒಂದು ಸಣ್ಣ ಕ್ರಮವಿಧಿ ಇತ್ತು. ಯಂತ್ರವನ್ನು ಒದಗಿಸಿದ್ದ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಸಂಸ್ಥೆಯ ಜಪಾನ್ ಶಾಖೆಯವರು ಅದನ್ನು ತಿದ್ದಿ, ಹಳೆಯದು ಇನ್ನೂ ಓಡುತ್ತಿರುವಾಗಲೇ ಅದರ ಮೇಲೆ ಹೊಸದನ್ನು ಬರೆದರು. ಬ್ಯಾಶ್ ಎಂಬ ಆಜ್ಞಾಭಾಷೆ ಕ್ರಮವಿಧಿಯನ್ನು ಒಮ್ಮೆಗೇ ಓದಿಕೊಳ್ಳದೆ ಓಡುತ್ತ ಓಡುತ್ತ ಓದುವಂಥದು. ಹೀಗಾಗಿ ಅದು ನಡುದಾರಿಯಲ್ಲಿ ಹೊಸ ಬರಹವನ್ನು ಓದತೊಡಗಿತು. ಯಾವ ಕೋಶದಲ್ಲಿ ಅಳಿಸಬೇಕೆಂದು ಹೇಳುವ ಪದದ ಬೆಲೆ ಶೂನ್ಯವಾಯಿತು. ಲಾಗ್‌ಗಳ ಬದಲು ವಿದ್ವಾಂಸರ ಸಂಶೋಧನೆಯ ಕಡತಗಳೇ ಅಳಿದವು. ಎರಡು ದಿನದೊಳಗೆ ಹೋದದ್ದು ೭೭ ಟೆರಾಬೈಟ್, ಸುಮಾರು ಮೂರು ಕೋಟಿ ನಲವತ್ತು ಲಕ್ಷ ಕಡತಗಳು. ನಷ್ಟಕ್ಕೆ ಗುರಿಯಾದ ೧೪ ಸಂಶೋಧನಾ ತಂಡಗಳಲ್ಲಿ ೪ ತಂಡಗಳ ದತ್ತಾಂಶವನ್ನು ಮತ್ತೆ ಪಡೆಯಲು ಆಗಲೇ ಇಲ್ಲ. ಸಂಸ್ಥೆಯವರು ಪೂರ್ಣ ಹೊಣೆಯನ್ನು ಒಪ್ಪಿಕೊಂಡರೆಂಬುದು ಗೌರವದ ಸಂಗತಿಯೇ ಹೌದು. ಆದರೆ ಒಪ್ಪಿಗೆಯಿಂದ ಕಡತ ಬರಲಾರದು.

ಅಷ್ಟು ದೊಡ್ಡ ಅನಾಹುತ ಎಲ್ಲೆಡೆಯೂ ಆಗುವುದಿಲ್ಲ. ಸಣ್ಣವು ಆಗುತ್ತವೆ. ಮೊದಲನೆಯದಾಗಿ ‘೭’ ಎಂಬ ಅಂಕೆಯ ಅರ್ಥವನ್ನೇ ತೆಗೆದುಕೊಳ್ಳೋಣ. ಕೆಲವು ತಂತ್ರಾಂಶಗಳಲ್ಲಿ ಅದು ಏಳು ದಿನ. ಕೆಲವುಗಳಲ್ಲಿ ಏಳು ಪ್ರತಿ. ದಿನಕ್ಕೊಂದು ಪ್ರತಿ ತಪ್ಪದೆ ಆಗುತ್ತಿರುವವರೆಗೆ ಇವೆರಡಕ್ಕೂ ಭೇದ ಕಾಣದು. ಏನೋ ತೊಂದರೆಯಾಯಿತೆಂದು ಒಬ್ಬರು ಬಂದು ಪರೀಕ್ಷೆಗಾಗಿ ಒಂದೇ ಮಧ್ಯಾಹ್ನ ಏಳು ಸಲ ಬ್ಯಾಕಪ್ ಓಡಿಸಿದರೆಂದು ಇಟ್ಟುಕೊಳ್ಳಿ. ಎಣಿಕೆಯ ನಿಯಮವಿದ್ದಲ್ಲಿ ಆ ಏಳು ಹೊಸ ಪ್ರತಿಗಳು ಹಿಂದಿನ ವಾರವನ್ನೆಲ್ಲ ಹೊರಕ್ಕೆ ತಳ್ಳುತ್ತವೆ. ಕೆಟ್ಟಿರುವ ಸರ್ವರಿನ ಏಳು ತಾಜಾ ಚಿತ್ರಗಳು ಉಳಿದು, ಕೆಡುವುದಕ್ಕೆ ಮುಂಚಿನ ಚಿತ್ರ ಒಂದೂ ಉಳಿಯುವುದಿಲ್ಲ. ದುರಸ್ತಿಗೆ ಬಂದವರ ಶ್ರದ್ಧೆಯೇ ನಾಶಕ್ಕೆ ಕಾರಣವಾಯಿತು. ದಿನದ ನಿಯಮಕ್ಕೆ ಬೇರೊಂದು ಅಪಾಯವುಂಟು. ಸರ್ವರ್ ನಲವತ್ತು ದಿನ ಬಂದಾಗಿದ್ದು, ನೆಲೆಯ ಕಡೆಯಲ್ಲಿ ಮೂವತ್ತು ದಿನಕ್ಕಿಂತ ಹಳೆಯದನ್ನೆಲ್ಲ ಅಳಿಸುವ ಕೆಲಸ ಮಾತ್ರ ತನ್ನ ಪಾಡಿಗೆ ನಡೆಯುತ್ತಿದ್ದರೆ, ಸರ್ವರ್ ತೆರೆಯುವ ಹೊತ್ತಿಗೆ ಕಪಾಟು ಬರಿದಾಗಿರುತ್ತದೆ. ‘ಎಷ್ಟೇ ಹಳೆಯದಾದರೂ ಕೊನೆಯ ಇಷ್ಟು ಪ್ರತಿಗಳನ್ನು ಮುಟ್ಟಕೂಡದು’ ಎಂಬ ಕನಿಷ್ಠ ಸಂಖ್ಯೆಯ ಷರತ್ತನ್ನು ತಂತ್ರಾಂಶ ಒಪ್ಪುವುದಾದರೆ ಅದನ್ನು ಹಾಕಿಕೊಳ್ಳುವುದು ಒಳ್ಳೆಯದು.

ಇದಕ್ಕಿಂತ ಹೆಚ್ಚಾಗಿ ಜನರನ್ನು ಗೊಂದಲಕ್ಕೆ ಈಡುಮಾಡುವುದು ಡಿಸ್ಕ್ ತುಂಬುವ ಸಮಸ್ಯೆ. ಇದನ್ನು ಅರಿಯಲು ಪ್ರತಿಗಳ ಬಗೆಯನ್ನು ತಿಳಿಯಬೇಕು. ಪ್ರತಿದಿನವೂ ಸರ್ವರಿನ ಎಲ್ಲವನ್ನೂ ನಕಲು ಮಾಡುವುದು ದುಬಾರಿ. ಆದಕಾರಣ ವಾರಕ್ಕೊಮ್ಮೆ ಪೂರ್ಣಪ್ರತಿಯನ್ನು ತೆಗೆದು, ಉಳಿದ ದಿನಗಳಲ್ಲಿ ಹಿಂದಿನ ದಿನಕ್ಕಿಂತ ಬದಲಾದದ್ದನ್ನು ಮಾತ್ರ ತೆಗೆಯುತ್ತಾರೆ; ಇದಕ್ಕೆ ಇನ್‌ಕ್ರಿಮೆಂಟಲ್ ಎಂದು ಹೆಸರು, ನಾವು ದಿನದ ಪ್ರತಿ ಎನ್ನೋಣ. ಬ್ಯಾಂಕಿನ ಲೆಕ್ಕವನ್ನು ಬಲ್ಲವರಿಗೆ ಇದು ಹೊಸತಲ್ಲ. ಪೂರ್ಣಪ್ರತಿಯೆಂದರೆ ಆರಂಭದ ಶಿಲ್ಕು; ದಿನದ ಪ್ರತಿಗಳೆಂದರೆ ರೋಜುಕಿರ್ದಿಯ ಒಂದೊಂದು ಪುಟ. ಗುರುವಾರದ ಶಿಲ್ಕು ಬೇಕಾದರೆ ಭಾನುವಾರದ ಆರಂಭದ ಶಿಲ್ಕಿನಿಂದ ಹಿಡಿದು ಸೋಮವಾರ, ಮಂಗಳವಾರ, ಬುಧವಾರ, ಗುರುವಾರಗಳ ಪುಟಗಳೆಲ್ಲವೂ ಇರಬೇಕು. ಮಂಗಳವಾರದ ಪುಟವನ್ನು ಹರಿದರೆ ಅಲ್ಲಿಂದ ಮುಂದಿನದೆಲ್ಲ ವ್ಯರ್ಥ. ಆರಂಭದ ಶಿಲ್ಕೇ ಹೋದರೆ ಇಡೀ ವಾರ ವ್ಯರ್ಥ.

ಈಗ ಒಂದು ಲೆಕ್ಕವನ್ನು ಮಾಡಿ ನೋಡೋಣ. ಪೂರ್ಣಪ್ರತಿ ೪೦೦ ಗಿಗಾಬೈಟ್, ದಿನದ ಪ್ರತಿ ೨೦ ಗಿಗಾಬೈಟ್ ಎಂದಿರಲಿ. ಏಳು ಪ್ರತಿ ಉಳಿಸೆಂದು ಹೇಳಿದವರ ಅಂದಾಜು: ಒಂದು ಪೂರ್ಣಪ್ರತಿ ೪೦೦, ಆರು ದಿನದ ಪ್ರತಿ ೧೨೦, ಒಟ್ಟು ೫೨೦. ಒಂದು ಟೆರಾಬೈಟಿನ ಡಿಸ್ಕ್ ಕೊಂಡರೆ ಬೇಕಾದಷ್ಟಾಯಿತು. ಡಿಸ್ಕ್ ಮಾರುವವರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸಿನಂಥ ವ್ಯವಸ್ಥೆಗಳು ೧೦೨೪ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಆ ಡಿಸ್ಕ್ ಪರದೆಯ ಮೇಲೆ ೯೩೧ ಎಂದು ತೋರುತ್ತದೆ. ಆದರೂ ೪೧೧ ಮಿಗುತ್ತದಲ್ಲ ಎಂಬ ಧೈರ್ಯ. ಮೊದಲ ಶನಿವಾರಕ್ಕೆ ಲೆಕ್ಕದಂತೆಯೇ ೫೨೦ ಆಗುತ್ತದೆ. ಎರಡನೆಯ ಭಾನುವಾರ ಹೊಸ ಪೂರ್ಣಪ್ರತಿ ಬರುತ್ತದೆ, ಈಗ ೯೨೦. ಎಂಟು ಪ್ರತಿಗಳಾದವು, ಹಳೆಯ ಒಂದನ್ನು ಅಳಿಸಬೇಕಷ್ಟೆ? ಅಳಿಸಲು ಬಾರದು. ಅತ್ಯಂತ ಹಳೆಯದು ಮೊದಲ ವಾರದ ಪೂರ್ಣಪ್ರತಿ. ಅದನ್ನು ತೆಗೆದರೆ ಅದಕ್ಕೆ ಆತುಕೊಂಡಿರುವ ಆರು ದಿನದ ಪ್ರತಿಗಳು ನಿರಾಧಾರವಾಗುತ್ತವೆ. ಆದ್ದರಿಂದ ಹೊಸ ಸರಪಳಿಯೊಂದರಲ್ಲೇ ಏಳು ಪ್ರತಿಗಳು ತುಂಬುವ ತನಕ, ಅಂದರೆ ಎರಡನೆಯ ಶನಿವಾರದವರೆಗೆ, ತಂತ್ರಾಂಶ ಹಳೆಯ ಸರಪಳಿಯನ್ನು ಪೂರ್ತಿಯಾಗಿ ಇಟ್ಟುಕೊಂಡಿರುತ್ತದೆ. ಆಗ ಬೇಕಾಗುವ ಜಾಗ ಎರಡು ಪೂರ್ಣಪ್ರತಿ, ಹನ್ನೆರಡು ದಿನದ ಪ್ರತಿ, ಒಟ್ಟು ೧೦೪೦. ನಮ್ಮಲ್ಲಿರುವುದು ೯೩೧. ಎರಡನೆಯ ಸೋಮವಾರವೇ ಬ್ಯಾಕಪ್ ಸೋಲುತ್ತದೆ.

ಇಲ್ಲಿಂದ ಮುಂದಿನದು ಒಂದು ಬಿಗಿಗಂಟು. ಹೊಸ ಪ್ರತಿ ಸಫಲವಾದ ಮೇಲೆಯೇ ಹಳೆಯದನ್ನು ಅಳಿಸುವುದು ಬಹುತೇಕ ತಂತ್ರಾಂಶಗಳ ಪದ್ಧತಿ, ಅದು ವಿವೇಕದ ಪದ್ಧತಿಯೂ ಹೌದು. ಆದರೆ ಜಾಗವಿಲ್ಲದೆ ಹೊಸದು ಸಫಲವಾಗದು. ಹೊಸದು ಸಫಲವಾಗದೆ ಜಾಗ ಬಿಡುಗಡೆಯಾಗದು. ಸೋಮವಾರ, ಮಂಗಳವಾರ, ಬುಧವಾರ ಸೋಲುತ್ತಲೇ ಇರುತ್ತದೆ. ಕೊನೆಗೆ ಯಾರೋ ಒಬ್ಬರು ತಾಳ್ಮೆಗೆಟ್ಟು ಡಿಸ್ಕನ್ನು ತೆರೆದು, ಅತ್ಯಂತ ಹಳೆಯದೂ ಅತ್ಯಂತ ದೊಡ್ಡದೂ ಆದ ಕಡತವನ್ನು ಕೈಯಿಂದಲೇ ಅಳಿಸುತ್ತಾರೆ. ಅದು ಪೂರ್ಣಪ್ರತಿಯಾಗಿರುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಕೈಯಿಂದ ಅಳಿಸುವುದು ಸರ್ವಥಾ ಸಲ್ಲದು. ಅಳಿಸಲೇಬೇಕಾದರೆ ತಂತ್ರಾಂಶದ ಮೂಲಕವೇ, ಸರಪಳಿಯನ್ನು ಇಡಿಯಾಗಿ ಅಳಿಸಬೇಕು. ನಿಜವಾದ ಪರಿಹಾರವೆಂದರೆ ಮೇಲಿನ ಲೆಕ್ಕವನ್ನು ಡಿಸ್ಕ್ ಕೊಳ್ಳುವ ಮುಂಚೆ ಮಾಡುವುದು. ಅದು ಸಾಧ್ಯವಾಗದಿದ್ದಲ್ಲಿ, ಹಳೆಯ ದಿನದ ಪ್ರತಿಯನ್ನು ಪೂರ್ಣಪ್ರತಿಯೊಳಕ್ಕೆ ಬೆಸೆದು ಒಂದೇ ಸರಪಳಿಯನ್ನು ಮುಂದಕ್ಕೆ ಸರಿಸುತ್ತ ಹೋಗುವ ವಿಧಾನವನ್ನು ಆರಿಸಬಹುದು. ಅದರಲ್ಲಿ ಜಾಗ ಉಳಿಯುತ್ತದೆ, ಡಿಸ್ಕಿಗೆ ದುಡಿಮೆ ಹೆಚ್ಚುತ್ತದೆ. ಅಲ್ಲದೆ ಎಲ್ಲವೂ ಒಂದೇ ಪೂರ್ಣಪ್ರತಿಯ ಮೇಲೆ ನಿಲ್ಲುವುದರಿಂದ ಅದರಲ್ಲಿ ಒಂದು ಬಿರುಕು ಬಿದ್ದರೆ ಎಲ್ಲವೂ ಹೋದಂತೆ.

ಅಳಿಸಿದರೂ ಜಾಗ ಬಿಡುಗಡೆಯಾಗದ ಸಂದರ್ಭಗಳೂ ಉಂಟು. ರೆಸ್ಟಿಕ್‌ನಲ್ಲಿ ‘ಮರೆ’ ಎಂಬ ಆಜ್ಞೆ ಪ್ರತಿಯ ಹೆಸರನ್ನು ಪಟ್ಟಿಯಿಂದ ತೆಗೆಯುತ್ತದೆಯೇ ಹೊರತು ಒಳಗಿನ ದತ್ತಾಂಶವನ್ನಲ್ಲ. ಅದಕ್ಕೆ ‘ಸವರು’ ಎಂಬ ಬೇರೆ ಆಜ್ಞೆಯನ್ನು ಕೊಡಬೇಕು. ಬೋರ್ಗ್‌ನಲ್ಲಿಯೂ ೧.೨ನೆಯ ಆವೃತ್ತಿಯಿಂದೀಚೆಗೆ ಸವರಿದ ಮೇಲೆ ಒತ್ತಾಗಿಸುವ ಇನ್ನೊಂದು ಆಜ್ಞೆ ಅಗತ್ಯವಾಗಿದೆ. ರೆಸ್ಟಿಕ್‌ನ ಇನ್ನೊಂದು ಗುಣವನ್ನೂ ಗಮನಿಸಬೇಕು. ಅದು ಪ್ರತಿಗಳನ್ನು ಯಂತ್ರದ ಹೆಸರು ಮತ್ತು ಕೋಶದ ದಾರಿ ಇವುಗಳ ಪ್ರಕಾರ ಗುಂಪುಮಾಡಿ, ಪ್ರತಿ ಗುಂಪಿಗೂ ಉಳಿಕೆಯ ನಿಯಮವನ್ನು ಬೇರೆಬೇರೆಯಾಗಿ ಅನ್ವಯಿಸುತ್ತದೆ. ಸರ್ವರಿಗೆ ಹೊಸ ಹೆಸರಿಟ್ಟ ದಿನ ಹೊಸ ಗುಂಪು ಹುಟ್ಟುತ್ತದೆ. ಹಳೆಯ ಗುಂಪಿಗೆ ಹೊಸ ಪ್ರತಿಗಳು ಬರುವುದೇ ಇಲ್ಲವಾದ್ದರಿಂದ ‘ಕೊನೆಯ ಏಳು’ ಎಂಬುದು ಅಲ್ಲಿ ಎಂದೆಂದಿಗೂ ಅದೇ ಏಳು. ಇತರ ತಂತ್ರಾಂಶಗಳಲ್ಲಿಯೂ ಹಳೆಯ ಕೆಲಸವನ್ನು ತೆಗೆದುಹಾಕಿ ಹೊಸ ಕೆಲಸವನ್ನು ಕಟ್ಟಿದಾಗ ಹಳೆಯದರ ಪ್ರತಿಗಳು ವಾರಸುದಾರರಿಲ್ಲದ ಠೇವಣಿಯಂತೆ ಡಿಸ್ಕಿನಲ್ಲಿ ಬಿದ್ದಿರುತ್ತವೆ. ಜಾಲಕ್ಕೆ ಹೊಂದಿಸಿದ ಡಿಸ್ಕ್ ಪೆಟ್ಟಿಗೆಗಳಲ್ಲಿ, ಅಂದರೆ ನ್ಯಾಸ್‌ಗಳಲ್ಲಿ, ಅಳಿಸಿದ್ದು ಕಸದ ಬುಟ್ಟಿಯ ಕೋಶದಲ್ಲಿ ಕುಳಿತಿರುವುದೂ ಸಾಮಾನ್ಯ.

ಕ್ಲೌಡಿನಲ್ಲಿ ಈ ತೊಡಕು ಬಿಲ್ಲಿನ ರೂಪದಲ್ಲಿ ಬರುತ್ತದೆ. ಅಮೆಜಾನಿನ ಎಸ್೩ ಮೊದಲಾದ ಸಂಗ್ರಹಗಳಲ್ಲಿ ಆವೃತ್ತಿಗಳನ್ನು ಉಳಿಸುವ ವ್ಯವಸ್ಥೆಯನ್ನು ಚಾಲೂ ಮಾಡಿದ್ದರೆ, ಅಳಿಸು ಎಂದಾಗ ಕಡತದ ಮೇಲೆ ‘ಅಳಿದಿದೆ’ ಎಂಬ ಗುರುತು ಬೀಳುತ್ತದೆ. ಕಡತ ಅಲ್ಲಿಯೇ ಇದ್ದು ಬಾಡಿಗೆ ಏರುತ್ತಲೇ ಇರುತ್ತದೆ. ಅರ್ಧಕ್ಕೆ ನಿಂತ ದೊಡ್ಡ ಕಡತಗಳ ತುಣುಕುಗಳು ಸಾಮಾನ್ಯ ಪಟ್ಟಿಯಲ್ಲಿ ಕಾಣುವುದೂ ಇಲ್ಲ, ಆದರೆ ಅವಕ್ಕೂ ಬಾಡಿಗೆಯುಂಟು. ಇದನ್ನು ಕಂಡು ಗಾಬರಿಯಾದವರು ನೆಲೆಯಲ್ಲಿಯೇ ‘ಮೂವತ್ತು ದಿನ ಕಳೆದದ್ದನ್ನು ಅಳಿಸು’ ಎಂಬ ನಿಯಮವನ್ನು ಬರೆದುಬಿಡುತ್ತಾರೆ. ಆಗ ಒಂದು ಮನೆಗೆ ಇಬ್ಬರು ಯಜಮಾನರಾದರು. ತಂತ್ರಾಂಶಕ್ಕೆ ಸರಪಳಿಯ ಜ್ಞಾನವುಂಟು. ನೆಲೆಯ ನಿಯಮಕ್ಕೆ ತಾರೀಖಿನ ಜ್ಞಾನ ಮಾತ್ರ. ಮೂವತ್ತೊಂದನೆಯ ದಿನ ಅದು ಪೂರ್ಣಪ್ರತಿಯನ್ನು ಅಳಿಸುತ್ತದೆ, ದಿನದ ಪ್ರತಿಗಳನ್ನು ಉಳಿಸುತ್ತದೆ. ತಂತ್ರಾಂಶದ ಪಟ್ಟಿಯಲ್ಲಿ ಎಲ್ಲವೂ ಇದ್ದಂತೆಯೇ ಕಾಣುತ್ತದೆ. ಸರಪಳಿಯನ್ನು ಕಟ್ಟಿದವರ ಕೈಯಲ್ಲೇ ಅಳಿಸುವ ಅಧಿಕಾರವೂ ಇರಬೇಕು. ನೆಲೆಯ ನಿಯಮವನ್ನು ಅಳಿದ ಆವೃತ್ತಿಗಳಿಗೆ ಮತ್ತು ಅರ್ಧಕ್ಕೆ ನಿಂತ ತುಣುಕುಗಳಿಗೆ ಮಾತ್ರ ಸೀಮಿತಗೊಳಿಸಬೇಕು.

ಇಷ್ಟಾದ ಮೇಲೆ ಮೂಲಪ್ರಶ್ನೆಗೆ ಬರೋಣ: ಎಷ್ಟು ಕಾಲ ಉಳಿಸಬೇಕು? ದತ್ತಾಂಶ ಎಷ್ಟು ಬೇಗ ಬದಲಾಗುತ್ತದೋ ಅದಕ್ಕೆ ತಕ್ಕಂತೆ ಅವಧಿಯನ್ನು ಗೊತ್ತುಮಾಡುವ ವಾಡಿಕೆಯಿದೆ. ನನಗೆ ಇದು ಒಪ್ಪಿಗೆಯಾಗದು. ಎಷ್ಟು ಬೇಗ ಬದಲಾಗುತ್ತದೆಂಬುದು ಎಷ್ಟು ಸಲ ಪ್ರತಿ ತೆಗೆಯಬೇಕೆಂಬುದನ್ನು ಹೇಳುತ್ತದೆ, ಅಷ್ಟೆ. ಎಷ್ಟು ಕಾಲ ಉಳಿಸಬೇಕೆಂಬುದಕ್ಕೆ ಅಳತೆಗೋಲು ಬೇರೆ: ನಷ್ಟವಾದದ್ದು ಎಷ್ಟು ತಡವಾಗಿ ನಮ್ಮ ಕಣ್ಣಿಗೆ ಬೀಳುತ್ತದೆ ಎಂಬುದು. ಬ್ಯಾಂಕಿನ ಶಾಖೆಯಲ್ಲಿ ಒಂದು ನಮೂದು ತಪ್ಪಿದರೆ ಅದೇ ಸಂಜೆ ನಗದು ತಾಳೆಯಾಗುವುದಿಲ್ಲ. ಮಾರನೆಯ ದಿನದೊಳಗೆ ತಪ್ಪು ಸಿಕ್ಕುತ್ತದೆ. ಅಲ್ಲಿ ಕೆಲವು ವಾರಗಳ ಪ್ರತಿ ಧಾರಾಳವಾಯಿತು. ಸಂಘದ ಗ್ರಂಥಭಂಡಾರದ ಸ್ಥಿತಿ ಹಾಗಲ್ಲ. ೧೯೬೨ರ ಸಂಚಿಕೆಯೊಂದರ ನಲವತ್ತನೆಯ ಪುಟದ ಕಡತ ಕೆಟ್ಟಿತೆನ್ನಿ. ಅದನ್ನು ಯಾರಾದರೂ ಸಂಶೋಧಕರು ತೆರೆಯುವುದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ಆ ಕೆಟ್ಟ ಕಡತವೇ ಪ್ರತಿಯಿಂದ ಪ್ರತಿಗೆ ಸಾಗಿ, ಒಳ್ಳೆಯದಿದ್ದ ಕೊನೆಯ ಪ್ರತಿ ಉಳಿಕೆಯ ನಿಯಮದಂತೆ ಎಂದೋ ಅಳಿದುಹೋಗಿರುತ್ತದೆ. ಲಿಪಿಕಾರನ ಒಂದು ತಪ್ಪು ಮುಂದಿನ ಓಲೆಗಳಿಗೆಲ್ಲ ಹರಡಿ, ಶುದ್ಧಪಾಠದ ಓಲೆ ನಷ್ಟವಾದರೆ ಸಂಪಾದಕನಿಗೆ ಒದಗುವ ಪಾಡು ಎಂಥದೆಂದು ಈ ಪತ್ರಿಕೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ದತ್ತಾಂಶವನ್ನು ಬೀಗಹಾಕಿ ಹಣ ಕೇಳುವ ದುಷ್ಟ ತಂತ್ರಾಂಶಗಳೂ ಒಳನುಗ್ಗಿದ ದಿನವೇ ಪ್ರಕಟವಾಗದೆ ವಾರಗಟ್ಟಲೆ ಹೊಂಚಿರುವುದುಂಟು. ಅಲ್ಲಿಯೂ ಅಳತೆಗೋಲು ಇದೇ.

ಆದಕಾರಣ ಬದಲಾವಣೆ ಕಡಿಮೆಯಿದ್ದು ನೋಡುವವರೂ ಕಡಿಮೆಯಿರುವ ಭಂಡಾರಕ್ಕೆ ಅವಧಿ ದೀರ್ಘವಾಗಿಯೇ ಇರಬೇಕು. ಏಳು ದಿನದ, ನಾಲ್ಕು ವಾರದ, ಹನ್ನೆರಡು ತಿಂಗಳ, ಮೇಲೆ ವರ್ಷಕ್ಕೊಂದರಂತೆ ಹಲವು ಪ್ರತಿಗಳನ್ನು ಉಳಿಸುವ ಪದ್ಧತಿಗೆ ತಂತ್ರಜ್ಞರು ಅಜ್ಜ, ತಂದೆ, ಮಗ ಎಂಬ ಹೆಸರಿಟ್ಟಿದ್ದಾರೆ. ನಮ್ಮ ಕೆಲಸಕ್ಕೆ ಅದು ಹೊಂದುತ್ತದೆ. ಇದರ ಜೊತೆಗೆ ನಷ್ಟ ಕಣ್ಣಿಗೆ ಬೀಳುವ ಕಾಲವನ್ನೇ ಕಡಿಮೆ ಮಾಡುವ ಒಂದು ಉಪಾಯವುಂಟು. ಪ್ರತಿಯೊಂದು ಕಡತಕ್ಕೂ ಎಸ್‌ಎಚ್‌ಎ-೨೫೬ ಎಂಬ ಗಣಿತದ ಮುದ್ರೆಯನ್ನು ತೆಗೆದು ಪಟ್ಟಿಮಾಡಿಟ್ಟು, ತಿಂಗಳಿಗೊಮ್ಮೆ ಯಂತ್ರದಿಂದಲೇ ಹೋಲಿಸಿ ನೋಡುವುದು. ಒಂದು ಅಕ್ಷರ ಬದಲಾಗಿದ್ದರೂ ಮುದ್ರೆ ಬೇರೆಯಾಗುತ್ತದೆ. ಯಾರೂ ತೆರೆಯದ ಪುಟವನ್ನು ಯಂತ್ರವಾದರೂ ತೆರೆದು ನೋಡಲಿ.

ಕಾನೂನಿನ ಅವಧಿಗಳನ್ನು ಇದರೊಂದಿಗೆ ಬೆರೆಸಬಾರದು. ಬ್ಯಾಂಕಿನ ದಾಖಲೆಗಳಿಗೆ ೧೯೮೫ರ ನಿಯಮಗಳು ಕೆಲವಕ್ಕೆ ಐದು ವರ್ಷವನ್ನೂ ಕೆಲವಕ್ಕೆ ಎಂಟು ವರ್ಷವನ್ನೂ ಗೊತ್ತುಪಡಿಸಿದವು. ಸರ್ಟ್-ಇನ್ ಸಂಸ್ಥೆ ೨೦೨೨ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನ ಗಣಕವ್ಯವಸ್ಥೆಯ ಲಾಗ್‌ಗಳನ್ನು ೧೮೦ ದಿನ ಇಟ್ಟುಕೊಳ್ಳಬೇಕೆಂದಿತು. ಅದಕ್ಕೆ ಪ್ರತಿಯಾಗಿ, ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಆಶಯ ಉದ್ದೇಶ ತೀರಿದ ಮೇಲೆ ಜನರ ವಿವರಗಳನ್ನು ಅಳಿಸಬೇಕೆಂಬುದು. ಇವೆಲ್ಲ ದಾಖಲೆಯ ಸಂರಕ್ಷಣೆಗೆ ಸಂಬಂಧಿಸಿದವು. ಎಂಟು ವರ್ಷದ ಖಾತೆ ಬೇಕೆಂದರೆ ಆ ಖಾತೆಯನ್ನು ಎಂಟು ವರ್ಷ ಇಡಬೇಕು. ಇಡೀ ಸರ್ವರಿನ ಎಂಟು ವರ್ಷದ ಬ್ಯಾಕಪ್ಪುಗಳನ್ನು ಇಡುವುದು ಸೂಜಿಗಾಗಿ ಬಣವೆಯನ್ನೇ ಕಾಪಾಡಿದಂತೆ.

ಇನ್ನು ನೆಲೆಯ ವಿಚಾರ. ಮೊದಲು ದಿನನಿತ್ಯದ ಸಣ್ಣ ತೊಡಕುಗಳನ್ನು ಹೇಳಿ ಮುಗಿಸುತ್ತೇನೆ. ವಿಂಡೋಸಿನಲ್ಲಿ ನಮ್ಮ ಹೆಸರಿನಿಂದ ಒಳಹೊಕ್ಕಾಗ ಕಾಣುವ ಜಾಲದ ಡ್ರೈವಿನ ಅಕ್ಷರ ರಾತ್ರಿ ಬೇರೆ ಖಾತೆಯಿಂದ ಓಡುವ ಬ್ಯಾಕಪ್ ಸೇವೆಗೆ ಕಾಣುವುದಿಲ್ಲ. ಅಕ್ಷರದ ಬದಲು ಸರ್ವರಿನ ಹೆಸರಿನಿಂದ ಆರಂಭವಾಗುವ ಪೂರ್ಣ ವಿಳಾಸವನ್ನು ಕೊಡಬೇಕು. ಹಗಲು ಕೈಯಿಂದ ಓಡಿಸಿದಾಗ ಸರಿಯಿದ್ದು ರಾತ್ರಿ ಸೋಲುವ ಬ್ಯಾಕಪ್ಪಿಗೆ ಮೊದಲು ಅನುಮಾನಿಸಬೇಕಾದ ಕಾರಣ ಇದು. ಹಳೆಯ ಪದ್ಧತಿಯ ಫ್ಯಾಟ್೩೨ ಡಿಸ್ಕುಗಳು ನಾಲ್ಕು ಗಿಗಾಬೈಟಿಗಿಂತ ದೊಡ್ಡ ಕಡತವನ್ನು ಒಪ್ಪುವುದಿಲ್ಲ. ಲಿನಕ್ಸಿನಲ್ಲಿ ಹೊರಗಿನ ಡಿಸ್ಕ್ ಯಾವ ಕಾರಣದಿಂದಲೋ ಜೋಡಣೆಯಾಗದಿದ್ದರೆ ಅದರ ಹೆಸರಿನ ಬರಿಯ ಕೋಶ ಮಾತ್ರ ಉಳಿದಿರುತ್ತದೆ. ಬ್ಯಾಕಪ್ ಅದರೊಳಕ್ಕೆ, ಅಂದರೆ ಸರ್ವರಿನ ಸ್ವಂತ ಡಿಸ್ಕಿನೊಳಕ್ಕೇ, ಬರೆಯುತ್ತ ಹೋಗುತ್ತದೆ. ವರದಿ ‘ಸಫಲ’ ಎನ್ನುತ್ತದೆ. ಕೆಲವು ದಿನದಲ್ಲಿ ಸರ್ವರ್ ಉಸಿರುಗಟ್ಟಿ ನಿಲ್ಲುತ್ತದೆ. ಜೋಡಣೆಯಾಗಿದೆಯೇ ಎಂದು ಮೊದಲು ಪರೀಕ್ಷಿಸಿ ಆಮೇಲೆ ಬರೆಯುವಂತೆ ಕ್ರಮವಿಧಿಯನ್ನು ಕಟ್ಟಬೇಕು.

ನೆಲೆ ಇದೆಯೆಂದು ನಂಬಿದ ಮಾತ್ರಕ್ಕೆ ಅಲ್ಲಿ ಏನಾದರೂ ಇದೆಯೆಂದಾಗುವುದಿಲ್ಲ. ಗಿಟ್‌ಲ್ಯಾಬ್ ಎಂಬ ಪ್ರಸಿದ್ಧ ಸಂಸ್ಥೆಯಲ್ಲಿ ೨೦೧೭ರ ಜನವರಿ ೩೧ರ ರಾತ್ರಿ ಒಬ್ಬ ಎಂಜಿನಿಯರರು ಉಪಸರ್ವರಿನಲ್ಲಿ ಅಳಿಸಬೇಕಾದ ಕೋಶವನ್ನು ಮುಖ್ಯ ಸರ್ವರಿನಲ್ಲಿ ಅಳಿಸಿದರು. ಅರಿವಾಗಿ ತಡೆಯುವಷ್ಟರಲ್ಲಿ ಸುಮಾರು ೩೦೦ ಗಿಗಾಬೈಟಿನಲ್ಲಿ ೪.೫ರಷ್ಟು ಮಾತ್ರ ಉಳಿದಿತ್ತು. ಅಮೆಜಾನಿನ ಸಂಗ್ರಹದಲ್ಲಿ ಇರಬೇಕಾಗಿದ್ದ ಪ್ರತಿಗಳನ್ನು ನೋಡಹೋದರೆ ಅಲ್ಲಿ ಏನೂ ಇರಲಿಲ್ಲ. ದತ್ತಸಂಚಯ ೯.೬ನೆಯ ಆವೃತ್ತಿಯದು, ಪ್ರತಿ ತೆಗೆಯುವ ಸಲಕರಣೆ ೯.೨ನೆಯದು, ಆದ್ದರಿಂದ ಪ್ರತಿ ತೆಗೆಯುವ ಕೆಲಸ ಸದ್ದಿಲ್ಲದೆ ಸೋಲುತ್ತಿತ್ತು. ಸೋತೆನೆಂದು ಅದು ಮಿಂಚಂಚೆಯನ್ನೇನೋ ಕಳಿಸುತ್ತಿತ್ತು. ಆ ಅಂಚೆಗೆ ತಕ್ಕ ಸಹಿಯಿಲ್ಲವೆಂದು ಸ್ವೀಕರಿಸುವ ಕಡೆ ಅದನ್ನು ತಿರಸ್ಕರಿಸುತ್ತಿತ್ತು. ಆರು ಗಂಟೆಗಳ ಹಿಂದೆ ಬೇರೆ ಯಾವುದೋ ಕೆಲಸಕ್ಕೆಂದು ಕೈಯಿಂದ ತೆಗೆದಿದ್ದ ಒಂದು ಪ್ರತಿಯಿಂದ ಅವರು ಪಾರಾದರು. ಮೌನವನ್ನು ಕ್ಷೇಮವೆಂದು ತಿಳಿಯುವುದು ಇಲ್ಲಿಯ ದೋಷ. ಸೋತಾಗ ಮಾತ್ರ ವರದಿ ಬರಲಿ ಎಂಬ ಏರ್ಪಾಡಿಗಿಂತ, ದಿನವೂ ‘ಇಷ್ಟು ಕಡತ, ಇಷ್ಟು ಗಾತ್ರ’ ಎಂಬ ವರದಿ ಬಂದು, ಬಾರದ ದಿನ ವಿಚಾರಿಸುವ ಏರ್ಪಾಡು ಮೇಲು.

ನೆಲೆಯನ್ನು ಆರಿಸುವಾಗ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದಾದರೂ ಬೇರೆ ಊರಿನಲ್ಲಿ ಎಂಬ ಸೂತ್ರವೊಂದುಂಟು. ಇದನ್ನು ಬಳಕೆಗೆ ತಂದವರು ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು. ಬೇರೆ ಊರು ಏಕೆಂಬುದಕ್ಕೆ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ೨೦೨೧ರ ಮಾರ್ಚ್ ೧೦ರಂದು ಓವಿಎಚ್ ಸಂಸ್ಥೆಯ ಕಟ್ಟಡ ಸುಟ್ಟದ್ದನ್ನೂ, ದಕ್ಷಿಣ ಕೊರಿಯದ ಡೇಜಿಯಾನಿನಲ್ಲಿ ೨೦೨೫ರ ಸೆಪ್ಟೆಂಬರ್ ೨೬ರಂದು ಸರ್ಕಾರಿ ಗಣಕಕೇಂದ್ರಕ್ಕೆ ಬೆಂಕಿ ಬಿದ್ದದ್ದನ್ನೂ ನೆನೆದರೆ ಸಾಕು. ಎರಡನೆಯದರಲ್ಲಿ ಸರ್ಕಾರಿ ನೌಕರರು ಕಡತಗಳನ್ನಿಡುತ್ತಿದ್ದ ೮೫೮ ಟೆರಾಬೈಟಿನ ಭಂಡಾರಕ್ಕೆ ಹೊರಗೆ ಪ್ರತಿಯೇ ಇರಲಿಲ್ಲ. ಅಷ್ಟು ದೊಡ್ಡದಕ್ಕೆ ಪ್ರತಿ ತೆಗೆಯುವುದು ಕಷ್ಟವೆಂಬುದು ಕೊಟ್ಟ ಕಾರಣ.

ಆದರೆ ಊರು ಬೇರೆಯಾದರೆ ಸಾಲದು, ಅಳಿಸುವ ಕೈಯೂ ಬೇರೆಯಾಗಿರಬೇಕು. ಆಸ್ಟ್ರೇಲಿಯದ ಯೂನಿಸೂಪರ್ ಎಂಬ ನಿವೃತ್ತಿ ನಿಧಿಗೆ ಆರು ಲಕ್ಷಕ್ಕೂ ಹೆಚ್ಚು ಸದಸ್ಯರು. ಅದರ ಗಣಕಗಳು ಗೂಗಲ್ ಕ್ಲೌಡಿನಲ್ಲಿದ್ದವು. ೨೦೨೪ರ ಮೇ ತಿಂಗಳಲ್ಲಿ ಆ ವ್ಯವಸ್ಥೆ ಇದ್ದಕ್ಕಿದ್ದಂತೆ ಅಳಿದುಹೋಯಿತು. ಹಿಂದೆ ಅದನ್ನು ಕಟ್ಟುವಾಗ ಗೂಗಲ್ಲಿನವರು ಬಳಸಿದ ಒಳಸಲಕರಣೆಯಲ್ಲಿ ಒಂದು ಮನೆಯನ್ನು ಖಾಲಿ ಬಿಟ್ಟಿದ್ದರು. ಖಾಲಿ ಎಂದರೆ ಒಂದು ವರ್ಷದ ಅವಧಿಯೆಂದು ಯಂತ್ರ ತಿಳಿಯಿತು. ವರ್ಷ ತುಂಬಿದ ಮೇಲೆ ಅಳಿಸಿತು. ಗ್ರಾಹಕರು ಕೇಳಿ ಅಳಿಸಿದ್ದಲ್ಲವಾದ್ದರಿಂದ ಮುನ್ಸೂಚನೆಯೂ ಹೋಗಲಿಲ್ಲ. ಬೇರೆ ಬಗೆಯ ಸಂಗ್ರಹದಲ್ಲಿಯೂ ಬೇರೊಬ್ಬ ಸೇವಾದಾರರಲ್ಲಿಯೂ ಇಟ್ಟಿದ್ದ ಪ್ರತಿಗಳಿಂದ ನಿಧಿಯವರು ಮತ್ತೆ ಎದ್ದು ನಿಂತರು. ಉಳಿಕೆಯ ನಿಯಮದಲ್ಲಿ ಬರೆಯದೆ ಬಿಟ್ಟ ಉತ್ತರವೂ ಒಂದು ಉತ್ತರವೇ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನವನ್ನು ನಾನು ಕಂಡಿಲ್ಲ. ಇದೇ ಕಾರಣದಿಂದ, ಇಲ್ಲಿ ಅಳಿಸಿದ್ದನ್ನು ಅಲ್ಲಿಯೂ ಒಡನೆಯೇ ಅಳಿಸುವ ಸಮಕಾಲಿಕ ನಕಲನ್ನು, ಅಂದರೆ ಸಿಂಕ್ ಎಂಬುದನ್ನು, ಬ್ಯಾಕಪ್ಪೆಂದು ಎಣಿಸಲಾಗದು.

ಗೊತ್ತುಪಡಿಸಿದ ದಿನದವರೆಗೆ ಯಾರೂ ಅಳಿಸಲಾಗದಂತೆ ಪ್ರತಿಗೆ ಬೀಗ ಹಾಕುವ ಸೌಕರ್ಯವೂ ಈಗ ಹಲವು ನೆಲೆಗಳಲ್ಲಿದೆ. ಬೀಗದ ಅವಧಿ ಮೂವತ್ತು ದಿನ, ಉಳಿಕೆಯ ಅವಧಿ ಹದಿನಾಲ್ಕು ದಿನವಾದರೆ ಹದಿನೈದನೆಯ ದಿನದಿಂದ ‘ಅನುಮತಿಯಿಲ್ಲ’ ಎಂಬ ದೂರು ಬರತೊಡಗುತ್ತದೆ. ಅದು ಕೆಟ್ಟದ್ದರ ಲಕ್ಷಣವಲ್ಲ, ಬೀಗ ಕೆಲಸ ಮಾಡುತ್ತಿರುವ ಲಕ್ಷಣ. ಎರಡು ಅವಧಿಗಳನ್ನು ಹೊಂದಿಸಿಕೊಳ್ಳಬೇಕು. ಎಸ್೩ರ ಅತಿಬಿಗಿಯಾದ ಬೀಗವನ್ನು ಖಾತೆಯ ಯಜಮಾನರೂ ತೆಗೆಯಲಾರರು; ಮೊದಲ ಪ್ರಯೋಗವನ್ನು ಒಂದು ದಿನದ ಅವಧಿಗೆ ಮಾಡುವುದು ಕ್ಷೇಮ. ಅಗ್ಗವೆಂದು ಆರಿಸುವ ಗ್ಲೇಸಿಯರ್ ಡೀಪ್ ಆರ್ಕೈವ್‌ನಂಥ ಶೀತಲ ಸಂಗ್ರಹಗಳಲ್ಲಿ ೧೮೦ ದಿನದ ಕನಿಷ್ಠ ಬಾಡಿಗೆಯಿದ್ದು, ಮುಂಚೆ ಅಳಿಸಿದರೂ ಪೂರ್ಣ ಹಣವನ್ನು ತೆರಬೇಕಾಗುತ್ತದೆ. ದಿನವೂ ಅಳಿಸುವ ಪ್ರತಿಗಳಿಗೆ ಅದು ಸಲ್ಲದು, ವರ್ಷದ ಪ್ರತಿಗೆ ಸಲ್ಲುತ್ತದೆ.

ನಮ್ಮ ಸಂಘಗಳಿಗೆ ಇದರಲ್ಲಿ ಒಂದು ಸಹಜವಾದ ಅನುಕೂಲವಿದೆಯೆಂದು ನನಗೆ ತೋರುತ್ತದೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬುದು ಪ್ರಸಿದ್ಧವೇ ಆಗಿದೆ. ಮಾಡಿಸಿ ಒಂದೇ ಬಸದಿಯಲ್ಲಿ ಇಡಲಿಲ್ಲ, ಹಂಚಿದಳು ಎಂಬ ಅಂಶದ ಕಡೆಗೆ ಗಮನ ಸಾಲದು. ಅದೇ ಕವಿಯ ಭುವನೈಕರಾಮಾಭ್ಯುದಯ ನಮಗೆ ದಕ್ಕಿಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಕನ್ನಡ ಸಂಘಗಳಿವೆ. ಒಂದು ಸಂಘದ ವಾರ್ಷಿಕ ಪ್ರತಿಯ ಡಿಸ್ಕನ್ನು ಇನ್ನೊಂದು ಊರಿನ ಸಂಘ ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳುವುದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಜಾಲಕ್ಕೆ ಸೇರದ ಆ ಡಿಸ್ಕನ್ನು ಯಾವ ದುಷ್ಟ ತಂತ್ರಾಂಶವೂ ಮುಟ್ಟಲಾರದು, ಯಾವ ಉಳಿಕೆಯ ನಿಯಮವೂ ಅಳಿಸಲಾರದು. ಮೂರು ತಿಂಗಳಿಗೊಮ್ಮೆ, ಸಂಚಿಕೆ ಅಚ್ಚಿಗೆ ಹೋಗುವ ವಾರದಲ್ಲಿ, ಸಂಪಾದಕ ಮಂಡಲಿಯವರೊಬ್ಬರು ಹಳೆಯ ಸಂಪುಟವೊಂದನ್ನು ಬೇರೊಂದು ಯಂತ್ರದ ಮೇಲೆ ಬ್ಯಾಕಪ್ಪಿನಿಂದ ಮರಳಿ ಪಡೆದು, ಪುಟಗಳನ್ನು ಎಣಿಸಿ, ನಾಲ್ಕು ಕಡೆ ತೆರೆದು ಓದಿ ನೋಡಬೇಕು. ಎಷ್ಟು ಹೊತ್ತು ಹಿಡಿಯಿತೆಂಬುದನ್ನೂ ಬರೆದಿಡಬೇಕು. ಹಾಗೆ ನೋಡುವಾಗಲೇ ತಿಳಿಯುವ ಒಂದು ಸಂಗತಿಯೆಂದರೆ ಗುಪ್ತಲಿಪಿಯ ಕೀಲಿ ಎಲ್ಲಿದೆ ಎಂಬುದು. ಬ್ಯಾಕಪ್ಪನ್ನು ಗುಪ್ತಲಿಪಿಯಲ್ಲಿ ಇಟ್ಟು ಅದರ ಕೀಲಿಯನ್ನು ಅದೇ ಸರ್ವರಿನಲ್ಲಿ ಮಾತ್ರ ಇಟ್ಟಿರುವವರು ಉಂಟು. ಸರ್ವರ್ ಹೋದ ದಿನ ಅದು ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದ ಕಥೆಯಾಗುತ್ತದೆ. ಕೀಲಿಯನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿ ಮುದ್ರೆಮಾಡಿ, ಕಾರ್ಯದರ್ಶಿಗಳಲ್ಲಿ ಒಂದನ್ನೂ ಕೋಶಾಧಿಕಾರಿಗಳಲ್ಲಿ ಒಂದನ್ನೂ ಇಡುವುದು ಉತ್ತಮ. ಸಮಿತಿ ಬದಲಾದಾಗ ಹಳಬರು ಹೊಸಬರಿಗೆ ಒಪ್ಪಿಸುವ ಯಾದಿಯಲ್ಲಿ ರಸೀತಿ ಪುಸ್ತಕ, ಮೊಹರು, ಬ್ಯಾಂಕಿನ ಪಾಸ್‌ಪುಸ್ತಕಗಳ ಸಾಲಿನಲ್ಲಿಯೇ ಈ ಲಕೋಟೆಯೂ, ಡಿಸ್ಕ್ ಯಾವ ಊರಿನ ಯಾವ ಸಂಘದ ಕಪಾಟಿನಲ್ಲಿದೆಯೆಂಬ ವಿಳಾಸವೂ, ಕ್ಲೌಡಿನ ಬಾಡಿಗೆ ಯಾರ ಹೆಸರಿನಲ್ಲಿ ಯಾವ ತಿಂಗಳವರೆಗೆ ಸಂದಾಯವಾಗಿದೆಯೆಂಬ ವಿವರವೂ ಸೇರಿರಬೇಕು.